ಅಂಜುದೀವ್‌ನಿಂದ ಆಫ್ರಿಕಕ್ಕೆ 89 ದಿನ: ವಿಟಮಿನ್ ಸಿ ಹೇಳುವ ಒಂದು ಇತಿಹಾಸ



ಕನ್ನಡ ನಾಡಿನ ಕರಾವಳಿಗೂ ನಾವು ಬೆಳೆದ ಕೀನ್ಯಾಕ್ಕೂ ನಡುವೆ ಒಂದೇ ಸಮುದ್ರವಿದೆ. ಪೋರ್ಚುಗಲ್ ದೇಶದ ವಾಸ್ಕೋ ಡ ಗಾಮನ ಹಡಗುಗಳು 1498–99ರಲ್ಲಿ ಈ ಸಮುದ್ರವನ್ನು ಎರಡು ಸಲ ದಾಟಿದವು. ಹೋಗುವಾಗ ಕೀನ್ಯಾದ ಮಲಿಂದಿಯಿಂದ ಹೊರಟು 24 ದಿನಗಳಲ್ಲಿ ಭಾರತದ ನೆಲವನ್ನು ಕಂಡವು. ಮರಳುವಾಗ ಕಾರವಾರದ ಎದುರಿಗಿರುವ ಅಂಜುದೀವ್ ನಡುಗಡ್ಡೆಯಿಂದ ಹೊರಟು ಆಫ್ರಿಕದ ನೆಲವನ್ನು ಕಾಣಲು 89 ದಿನ ಹಿಡಿಯಿತು. ಹೀಗೆ ಮರಳುವಾಗ ಸಮುದ್ರದ ನಡುವೆಯೇ 30 ಜನ ಸತ್ತರು. ಅವರು ಯುದ್ಧದಲ್ಲಿ ಸಾಯಲಿಲ್ಲ, ಬಿರುಗಾಳಿಗೂ ಸಿಗಲಿಲ್ಲ. ಅವರನ್ನು ಕೊಂದದ್ದು ಸ್ಕರ್ವಿ ಎಂಬ ಕಾಯಿಲೆ. ಅಂದರೆ ದೇಹದಲ್ಲಿ ವಿಟಮಿನ್ ಸಿ ಮುಗಿದುಹೋದದ್ದು.

24 ದಿನಕ್ಕೆ ಬಾರದ ಕಾಯಿಲೆ 89 ದಿನಕ್ಕೆ ಏಕೆ ಬಂತು? ಈ ಪ್ರಶ್ನೆಗೆ ಉತ್ತರ ಇತಿಹಾಸದ ಪುಸ್ತಕದಲ್ಲಿ ಅರ್ಧ ಇದೆ, ಜೀವಶಾಸ್ತ್ರದ ಪುಸ್ತಕದಲ್ಲಿ ಇನ್ನರ್ಧ ಇದೆ. ಎರಡನ್ನೂ ಸೇರಿಸಿ ಹೇಳುವುದು ಈ ಲೇಖನದ ಉದ್ದೇಶ.

ಎರಡು ಪಯಣಗಳು

ಗಾಮನ ಹಡಗಿನಲ್ಲಿದ್ದ ಒಬ್ಬನು ದಿನಚರಿ ಬರೆದಿಟ್ಟಿದ್ದ. ಅದರ ಹಸ್ತಪ್ರತಿ ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ ಉಳಿದು ಬಂದು 1838ರಲ್ಲಿ ಅಚ್ಚಾಯಿತು. ನಮಗೆ ಈ ದಿನಾಂಕಗಳು ತಿಳಿದಿರುವುದು ಆ ದಿನಚರಿಯಿಂದ.

1498ರ ಜನವರಿಯಲ್ಲಿ ಹಡಗುಗಳು ಇಂದಿನ ಮೊಜಾಂಬಿಕ್ ದೇಶದ ತೀರದಲ್ಲಿದ್ದಾಗಲೇ ಜನರ ಕೈಕಾಲುಗಳು ಊದಿಕೊಂಡಿದ್ದವು. ಒಸಡು ಬೆಳೆದು ಹಲ್ಲುಗಳನ್ನೇ ಮುಚ್ಚಿ, ತಿನ್ನಲು ಆಗದಂತಾಗಿತ್ತು. ಏಪ್ರಿಲ್ 7ರಂದು ಅವರು ಮೊಂಬಾಸಾ ತಲುಪಿದರು. ಅಲ್ಲಿಯ ಅರಸ ಒಂದು ಕುರಿಯನ್ನೂ ಬೇಕಾದಷ್ಟು ಕಿತ್ತಳೆ, ನಿಂಬೆ, ಕಬ್ಬುಗಳನ್ನೂ ಕಳಿಸಿದ. ಕಾಯಿಲೆ ಬಿದ್ದವರೆಲ್ಲ ಅಲ್ಲಿ ಗುಣವಾದರು. ಆದರೆ ದಿನಚರಿ ಬರೆದವನು ಇದಕ್ಕೆ ಕೊಟ್ಟ ಕಾರಣ ಹಣ್ಣಲ್ಲ. ಮೊಂಬಾಸಾದ ಗಾಳಿ ಬಹಳ ಒಳ್ಳೆಯದು, ಅದರಿಂದ ಗುಣವಾಯಿತು ಎಂದೇ ಅವನು ತಿಳಿದಿದ್ದ.

ಮೊಂಬಾಸಾದವರಿಗೂ ಗಾಮನಿಗೂ ಹೊಂದಾಣಿಕೆ ಆಗಲಿಲ್ಲ. ಹಡಗುಗಳು ಅಲ್ಲಿಂದ ಹೊರಟು ಏಪ್ರಿಲ್ 14ರ ಹೊತ್ತಿಗೆ ಮಲಿಂದಿ ಸೇರಿದವು. ಮಲಿಂದಿಯ ಅರಸ ಸ್ನೇಹದಿಂದ ನಡೆದುಕೊಂಡ, ದಾರಿ ತೋರಿಸಲು ಒಬ್ಬ ನಾವಿಕನನ್ನೂ ಕೊಟ್ಟ. ಏಪ್ರಿಲ್ 24ಕ್ಕೆ ಹೊರಟವರಿಗೆ ಮೇ 18ರಂದು ಭಾರತದ ಬೆಟ್ಟಗಳು ಕಂಡವು. ಮೇ 20ರಂದು ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದರು.

ಮರಳುವ ದಾರಿಯಲ್ಲಿ ಅವರು ಉತ್ತರಕ್ಕೆ ಬಂದು ಸೆಪ್ಟೆಂಬರ್ ಕೊನೆಯಲ್ಲಿ ಅಂಜುದೀವ್ ನಡುಗಡ್ಡೆಯಲ್ಲಿ ತಂಗಿದರು. ಈ ನಡುಗಡ್ಡೆ ಇಂದು ಆಡಳಿತದಲ್ಲಿ ಗೋವಾಕ್ಕೆ ಸೇರಿದೆ. ಆದರೆ ಇರುವುದು ನಮ್ಮ ಕಾರವಾರದ ಎದುರಿಗೆ. ಈಗಿನ ನೌಕಾನೆಲೆ ಐಎನ್‌ಎಸ್ ಕದಂಬಕ್ಕೆ ಹೊಂದಿಕೊಂಡಂತೆಯೇ ಇದೆ. ಅಲ್ಲಿ ಹಡಗುಗಳನ್ನು ತೊಳೆದು, ನೀರು ತುಂಬಿಕೊಂಡು, ಅಕ್ಟೋಬರ್ 5ರಂದು ಅವರು ಆಫ್ರಿಕದ ಕಡೆಗೆ ಹೊರಟರು.

ಗಾಳಿಯ ಪಂಚಾಂಗ

ಅವರು ಹೊರಟ ದಿನವೇ ತಪ್ಪಾಗಿತ್ತು. ಕೀನ್ಯಾದ ಕರಾವಳಿಯ ಜನ ಎರಡು ಗಾಳಿಗಳ ಹೆಸರು ಹೇಳುತ್ತಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ದಕ್ಷಿಣದ ಕಡೆಯಿಂದ ಬೀಸುವುದು ಕೂಸಿ. ಇದು ಹಡಗನ್ನು ಆಫ್ರಿಕದಿಂದ ಭಾರತದ ಕಡೆಗೆ ತಳ್ಳುತ್ತದೆ. ವರ್ಷದ ಕೊನೆಯಿಂದ ಮಾರ್ಚ್ ತನಕ ಈಶಾನ್ಯದಿಂದ ಬೀಸುವುದು ಕಸ್ಕಾಜಿ. ಇದು ಹಡಗನ್ನು ಭಾರತದಿಂದ ಆಫ್ರಿಕಕ್ಕೆ ತರುತ್ತದೆ. ನಮ್ಮ ಊರುಗಳಲ್ಲಿ ಮುಂಗಾರು, ಹಿಂಗಾರು ಎನ್ನುವುದೂ ಇದೇ ಎರಡು ಗಾಳಿಗಳನ್ನು. ಗುಜರಾತಿನವರು, ಅರಬರು, ಸ್ವಾಹಿಲಿ ನಾವಿಕರು ನೂರಾರು ವರ್ಷಗಳಿಂದ ಈ ಗಾಳಿಗಳಿಗಾಗಿ ಕಾದು ಹಡಗು ಬಿಡುತ್ತಿದ್ದರು.

ಗಾಮ ಏಪ್ರಿಲ್‌ನಲ್ಲಿ ಹೋದಾಗ ಕೂಸಿ ಗಾಳಿ ಸಿಕ್ಕಿತು, ಜೊತೆಗೆ ಊರಿನ ನಾವಿಕನ ತಿಳಿವಳಿಕೆಯೂ ಇತ್ತು. ಅಕ್ಟೋಬರ್ ಮೊದಲ ವಾರದಲ್ಲಿ ಹೊರಟಾಗ ಕಸ್ಕಾಜಿ ಇನ್ನೂ ನೆಲೆಗೊಂಡಿರಲಿಲ್ಲ. ಕೆಲವು ದಿನ ಗಾಳಿಯೇ ಇಲ್ಲ, ಕೆಲವು ದಿನ ಎದುರುಗಾಳಿ. ಜನವರಿ 2ರಂದು ಮೊಗದಿಶುವಿನ ಹತ್ತಿರ ನೆಲ ಕಾಣುವ ಹೊತ್ತಿಗೆ ಪ್ರತಿ ಹಡಗಿನಲ್ಲೂ ಕೆಲಸ ಮಾಡುವ ಶಕ್ತಿ ಉಳಿದಿದ್ದವರು ಏಳೆಂಟು ಜನ ಮಾತ್ರ. ಜನವರಿ 7ರಂದು ಮಲಿಂದಿ ತಲುಪಿದ ಕೂಡಲೇ ಅವರು ಅರಸನ ಬಳಿ ಕೇಳಿ ತರಿಸಿಕೊಂಡದ್ದು ಕಿತ್ತಳೆ ಹಣ್ಣು. ಕಾಯಿಲೆಯವರು ಅದಕ್ಕಾಗಿ ಹಂಬಲಿಸುತ್ತಿದ್ದರು. ಆದರೆ ಕೆಲವರಿಗೆ ಆ ಹಣ್ಣು ತಡವಾಗಿ ಬಂತು, ಅವರು ಮಲಿಂದಿಯಲ್ಲೇ ತೀರಿಕೊಂಡರು. ನಡೆಸಲು ಜನ ಸಾಲದೆ, ಕೆಲವೇ ದಿನಗಳ ನಂತರ ಮೊಂಬಾಸಾದ ದಕ್ಷಿಣಕ್ಕೆ, ಇಂದಿನ ಟಾಂಜಾನಿಯಾದ ಕರಾವಳಿಯಲ್ಲಿ, ಒಂದು ಹಡಗನ್ನು ಸುಟ್ಟು ಬಿಡಬೇಕಾಯಿತು. ಲಿಸ್ಬನ್ನಿನಿಂದ ಹೊರಟವರಲ್ಲಿ ಅರ್ಧದಷ್ಟು ಜನವೂ ಮನೆಗೆ ಮರಳಲಿಲ್ಲ.

ಗಾಮನನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಅವನ ಹಿಂದೆ ಬಂದ ಪೋರ್ಚುಗೀಸರು 1505ರಲ್ಲಿ ಮೊಂಬಾಸಾವನ್ನು ಸುಟ್ಟು ಲೂಟಿ ಮಾಡಿದರು. ಅದೇ ವರ್ಷ ಅದೇ ಪಡೆ ಅಂಜುದೀವ್‌ನಲ್ಲಿ ಕೋಟೆ ಕಟ್ಟಿ, ಹೊನ್ನಾವರದ ಮೇಲೂ ದಾಳಿ ಮಾಡಿತು. ಎರಡೂ ತೀರಗಳ ಜನ ಒಂದೇ ಕೈಯಿಂದ ಪೆಟ್ಟು ತಿಂದರು. ಆದರೂ ಹಡಗಿನಲ್ಲಿ ಸತ್ತ 30 ಜನ ಹೆಚ್ಚಾಗಿ ಹಗ್ಗ ಎಳೆಯುವ, ನೀರು ಹೊರುವ ಸಾಮಾನ್ಯ ಕೆಲಸಗಾರರು. ಯಾವಾಗ ಹೊರಡಬೇಕು ಎಂದು ತೀರ್ಮಾನ ಮಾಡಿದವರು ಅವರಲ್ಲ.

ಬರೆದಿಟ್ಟರೂ ಉಳಿಯದ ತಿಳಿವಳಿಕೆ

ಎರಡನೆಯ ಸಲ ಬಂದವರು ಪಾಠ ಕಲಿತಿದ್ದರು. 1500ರಲ್ಲಿ ಕಬ್ರಾಲ್ ಎಂಬವನ ಹಡಗುಗಳು ಮಲಿಂದಿಗೆ ಬಂದಾಗ ಮತ್ತೆ ಕಿತ್ತಳೆ ಸಿಕ್ಕಿತು. ಬಾಯಿಯ ಕಾಯಿಲೆಯಿಂದ ನರಳುತ್ತಿದ್ದವರು ಆ ಹಣ್ಣಿನಿಂದಲೇ ಗುಣವಾದರು ಎಂದು ಆ ಪಯಣದ ಬರಹ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಸ್ಕರ್ವಿಗೆ ಔಷಧಿ ಕಿತ್ತಳೆ ಎಂಬುದು 1500ರಲ್ಲಿ ಕೀನ್ಯಾದ ಕರಾವಳಿಗೆ ಬಂದ ಪಯಣದ ಬರಹದಲ್ಲೇ ಕಾಗದದ ಮೇಲೆ ಬಂದಿತ್ತು.

ಆದರೂ ಮುಂದಿನ 250 ವರ್ಷ ನಾವಿಕರು ಸಾಯುತ್ತಲೇ ಇದ್ದರು. 1747ರ ಮೇ ತಿಂಗಳಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸಾಲಿಸ್‌ಬರಿ ಎಂಬ ಬ್ರಿಟಿಷ್ ಹಡಗಿನಲ್ಲಿ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ವಿನಿಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ ಬೇರೆ ಬೇರೆ ಕೊಟ್ಟ. ಒಂದು ಜೋಡಿಗೆ ಮಾತ್ರ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಆರನೆಯ ದಿನಕ್ಕೆ ಹಣ್ಣು ಮುಗಿಯುವ ಹೊತ್ತಿಗೆ ಆ ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ಮರಳುವಷ್ಟು ಗುಣವಾಗಿದ್ದ. ಇಷ್ಟಾದರೂ ಬ್ರಿಟನ್ನಿನ ನೌಕಾಪಡೆ ನಿಂಬೆರಸವನ್ನು ಎಲ್ಲರಿಗೂ ಕೊಡಲು ಶುರು ಮಾಡಿದ್ದು 1795ರಲ್ಲಿ.

ಅದಕ್ಕಿಂತ ವಿಚಿತ್ರವಾದದ್ದು ಆಮೇಲೆ ನಡೆಯಿತು. ಹತ್ತೊಂಬತ್ತನೆಯ ಶತಮಾನದ ನಡುವೆ ಆ ನೌಕಾಪಡೆ ಲೆಮನ್ ಹಣ್ಣಿನ ಬದಲು ಲೈಮ್ ಹಣ್ಣಿನ ರಸವನ್ನು ಬಳಸತೊಡಗಿತು. ಸ್ವಾಹಿಲಿಯಲ್ಲಿ ಹೇಳುವುದಾದರೆ ಲಿಮಾವು ಬಿಟ್ಟು ನ್ಡಿಮು ಹಿಡಿಯಿತು. ಎರಡೂ ಹುಳಿಯೇ, ಹುಳಿಯೇ ಔಷಧಿ ಎಂದು ಅವರು ತಿಳಿದಿದ್ದರು. ಆದರೆ ಲೈಮ್ ರಸದಲ್ಲಿ ವಿಟಮಿನ್ ಸಿ ಕಡಿಮೆ, ತಯಾರಿಸಿ ಇಡುವಾಗ ಅದರಲ್ಲೂ ಬಹಳಷ್ಟು ಹಾಳಾಗುತ್ತಿತ್ತು. 1875ರಲ್ಲಿ ಉತ್ತರ ಧ್ರುವದ ಕಡೆಗೆ ಹೋದ ಬ್ರಿಟಿಷ್ ತಂಡದಲ್ಲಿ ರಸ ಕುಡಿದವರಿಗೂ ಸ್ಕರ್ವಿ ಬಂತು. ಆಗ ನಿಂಬೆಯ ಮೇಲಿನ ನಂಬಿಕೆಯೇ ಹೋಯಿತು.

ಮೊಂಬಾಸಾದ ಗಾಳಿ, ನಿಂಬೆಯ ಹುಳಿ, ಎರಡೂ ತಪ್ಪು ಕಾರಣಗಳೇ. ಯಾವುದರಿಂದ ಗುಣವಾಯಿತು ಎಂದು ಗೊತ್ತಿದ್ದರೂ, ಏಕೆ ಗುಣವಾಯಿತು ಎಂದು ಗೊತ್ತಿಲ್ಲದಿದ್ದರೆ ಆ ತಿಳಿವಳಿಕೆ ಕೈಜಾರಿ ಹೋಗುತ್ತದೆ ಎಂಬುದು ಈ ಇತಿಹಾಸದಿಂದ ನಾನು ತಿಳಿದುಕೊಂಡ ಮುಖ್ಯ ಮಾತು.

ವಸ್ತು ಸಿಕ್ಕಿತು

1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಚ್ ಎಂಬ ಇಬ್ಬರು ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಅವಕ್ಕೂ ಸ್ಕರ್ವಿ ಬಂತು. ಇದೊಂದು ಅದೃಷ್ಟ. ಏಕೆಂದರೆ ಇಲಿಯನ್ನು ಬಳಸಿದ್ದರೆ ಏನೂ ಆಗುತ್ತಿರಲಿಲ್ಲ. ಇಲಿ, ನಾಯಿ, ಬೆಕ್ಕು, ಕುರಿ, ಆಡು ಇವೆಲ್ಲ ತಮಗೆ ಬೇಕಾದ ವಿಟಮಿನ್ ಸಿಯನ್ನು ಸಕ್ಕರೆಯ ಅಂಶದಿಂದ ತಮ್ಮ ಯಕೃತ್ತಿನಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರು, ಮಂಗಗಳು, ಗಿನಿಪಿಗ್, ಕೆಲವು ಬಾವಲಿಗಳು ಹಾಗೆ ಮಾಡಲಾರವು. ನಮ್ಮಲ್ಲಿ ಆ ಕೆಲಸದ ಕೊನೆಯ ಹಂತವನ್ನು ಮಾಡಬೇಕಾದ ಜೀನ್ ಬಹಳ ಹಿಂದೆಯೇ ಕೆಟ್ಟುಹೋಗಿದೆ. ಯಾವ ಪ್ರಾಣಿ ಎಲ್ಲಿ ಈ ವಿಟಮಿನ್ ತಯಾರಿಸುತ್ತದೆ ಎಂಬುದರ ಬಗ್ಗೆ ಕೋಲ್ಕತ್ತಾದ ವಿಜ್ಞಾನಿ ಐ. ಬಿ. ಚಟರ್ಜಿ ಅವರು 1973ರಲ್ಲಿ ಬರೆದ ಲೇಖನ ಪ್ರಸಿದ್ಧವಾಗಿದೆ. ಗಾಮನ ಹಡಗಿನ ಇಲಿಗಳಿಗೆ ಸ್ಕರ್ವಿ ಬರುವ ಭಯವಿರಲಿಲ್ಲ, ಮನುಷ್ಯರಿಗೆ ಮಾತ್ರ ಇತ್ತು.

1928ರಲ್ಲಿ ಹಂಗೇರಿಯ ಸೆಂಟ್ ಜ್ಯೋರ್ಜಿ ಒಂದು ಹೊಸ ಆಮ್ಲವನ್ನು ಬೇರ್ಪಡಿಸಿದರು. ಅದೇ ವಿಟಮಿನ್ ಸಿ ಎಂದು 1932ರ ಹೊತ್ತಿಗೆ ಖಚಿತವಾಯಿತು. ಅವರಿಗೆ ಅದು ರಾಶಿಯಾಗಿ ಸಿಕ್ಕಿದ್ದು ತಮ್ಮ ಊರಿನ ಪಾಪ್ರಿಕಾದಲ್ಲಿ, ಅಂದರೆ ನಮ್ಮ ದೊಣ್ಣೆಮೆಣಸಿನಕಾಯಿಯ ಜಾತಿಯದರಲ್ಲಿ. 1937ರಲ್ಲಿ ಅವರಿಗೂ, ಈ ಆಮ್ಲದ ರಚನೆಯನ್ನು ಕಂಡುಹಿಡಿದ ಬ್ರಿಟನ್ನಿನ ಹಾವರ್ತ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು.

ವಿಟಮಿನ್ ಸಿ ನಮ್ಮ ದೇಹದಲ್ಲಿ ಮಾಡುವ ಒಂದು ಮುಖ್ಯ ಕೆಲಸ ಕೊಲಾಜೆನ್ ಎಂಬ ಪ್ರೋಟೀನನ್ನು ಗಟ್ಟಿ ಮಾಡುವುದು. ಚರ್ಮ, ಒಸಡು, ರಕ್ತನಾಳ, ಮೂಳೆ ಎಲ್ಲವನ್ನೂ ಹಿಡಿದಿಡುವುದು ಈ ಕೊಲಾಜೆನ್. ಕಟ್ಟಡಕ್ಕೆ ಸಿಮೆಂಟ್ ಇದ್ದ ಹಾಗೆ. ಅದು ಸಡಿಲವಾದಾಗ ಒಸಡಿನಲ್ಲಿ ರಕ್ತ ಬರುತ್ತದೆ, ಗಾಯ ಮಾಯುವುದಿಲ್ಲ, ಮಾಯ್ದ ಹಳೆಯ ಗಾಯವೂ ಮತ್ತೆ ಬಿಚ್ಚಿಕೊಳ್ಳಬಹುದು.

ದೇಹವೆಂಬ ಟ್ಯಾಂಕ್

ಇನ್ನು ಉಳಿದದ್ದು 24 ಮತ್ತು 89ರ ಪ್ರಶ್ನೆ. ಇದಕ್ಕೆ ಸೌತ್ ಬಿಯಲ್ಲಿ ಇರುವ ನಮಗೆಲ್ಲ ಗೊತ್ತಿರುವ ಒಂದು ವಸ್ತುವನ್ನು ತೆಗೆದುಕೊಳ್ಳುತ್ತೇನೆ. ಅದು ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕ್. ನಗರದ ನೀರು ವಾರದಲ್ಲಿ ಕೆಲವು ದಿನ ಮಾತ್ರ ಬರುತ್ತದೆ. ಬಂದಾಗ ಟ್ಯಾಂಕ್ ತುಂಬುತ್ತದೆ. ತುಂಬಿದ ಮೇಲೂ ನೀರು ಬಂದರೆ ಪಕ್ಕದ ಪೈಪಿನಿಂದ ಹೊರಗೆ ಸುರಿದುಹೋಗುತ್ತದೆ. ನೀರು ಬಾರದ ದಿನಗಳಲ್ಲಿ ಟ್ಯಾಂಕಿನಲ್ಲಿರುವುದೇ ಗತಿ.

ವಿಟಮಿನ್ ಸಿ ಒಳಗೆ ಬರುವ ದಾರಿ ಸಣ್ಣ ಕರುಳು. ಕರುಳಿನ ಗೋಡೆಯಲ್ಲಿ ಅದನ್ನು ಹೊತ್ತು ಒಳಗೆ ತರುವ ವಿಶೇಷ ಪ್ರೋಟೀನುಗಳಿವೆ. 1999ರಲ್ಲಿ ಗುರುತಿಸಲಾದ ಇವು ಸೋಡಿಯಂ ಜೊತೆ ಸೇರಿಸಿ ವಿಟಮಿನ್ನನ್ನು ಸಾಗಿಸುತ್ತವೆ. ಇವು 14 ಸೀಟಿನ ಮಟಾಟು ಇದ್ದ ಹಾಗೆ. ಸ್ಟೇಜಿನಲ್ಲಿ ಸ್ವಲ್ಪ ಜನ ಇದ್ದರೆ ಎಲ್ಲರಿಗೂ ಸೀಟು ಸಿಗುತ್ತದೆ. ಒಮ್ಮೆಲೇ ನೂರಾರು ಜನ ಬಂದರೆ ಬಹಳ ಮಂದಿ ನಿಂತಲ್ಲೇ ಉಳಿಯುತ್ತಾರೆ. ಉಳಿದ ವಿಟಮಿನ್ ಕರುಳಿನಲ್ಲೇ ಕೆಳಗೆ ಸಾಗಿ, ಹೆಚ್ಚಾದರೆ ಭೇದಿಗೂ ಕಾರಣವಾಗುತ್ತದೆ.

ಒಳಗೆ ಬಂದದ್ದು ರಕ್ತದ ಮೂಲಕ ಎಲ್ಲ ಕಡೆ ಹೋಗುತ್ತದೆ. ಮೆದುಳು, ಅಡ್ರಿನಲ್ ಗ್ರಂಥಿ, ಬಿಳಿ ರಕ್ತಕಣಗಳು ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಕೂಡಿಟ್ಟುಕೊಳ್ಳುತ್ತವೆ. ಹೊರಗೆ ಹೋಗುವ ದಾರಿ ಮೂತ್ರಪಿಂಡ. ಅಲ್ಲಿ ರಕ್ತ ಸೋಸುವಾಗ ವಿಟಮಿನ್ ಸಿಯೂ ಸೋಸಿ ಹೋಗುತ್ತದೆ. ಆದರೆ ಕರುಳಿನಲ್ಲಿರುವ ಅದೇ ಬಗೆಯ ಪ್ರೋಟೀನುಗಳು ಅಲ್ಲೂ ಇದ್ದು ಅದನ್ನು ಮತ್ತೆ ರಕ್ತಕ್ಕೆ ಎತ್ತಿಕೊಳ್ಳುತ್ತವೆ. ದೇಹದಲ್ಲಿ ಕಡಿಮೆ ಇದ್ದಾಗ ಹೆಚ್ಚುಕಡಿಮೆ ಒಂದು ಹನಿಯನ್ನೂ ಬಿಡುವುದಿಲ್ಲ. ರಕ್ತದಲ್ಲಿ ಮಟ್ಟ ಏರಿದಾಗ ಎತ್ತಿಕೊಳ್ಳಲಾಗದ್ದು ಮೂತ್ರದಲ್ಲಿ ಹೋಗುತ್ತದೆ. ಇದೇ ಟ್ಯಾಂಕಿನ ಪಕ್ಕದ ಪೈಪು. ಇದಲ್ಲದೆ, ಬಳಕೆಯಾದ ವಿಟಮಿನ್ನಿನ ಒಂದು ಪಾಲು ಆಕ್ಸಲೇಟ್ ಆಗಿ ಬದಲಾಗಿ ಮೂತ್ರದಲ್ಲಿ ಹೊರಬೀಳುತ್ತದೆ.

ಅಳತೆಗೆ ಮೈಯೊಡ್ಡಿದವರು

ಟ್ಯಾಂಕಿನ ಅಳತೆ ಎಷ್ಟು? ಇದನ್ನು ತಿಳಿಯಲು ಮನುಷ್ಯರೇ ಮೈಯೊಡ್ಡಬೇಕಾಯಿತು. 1939ರಲ್ಲಿ ಅಮೆರಿಕದ ಬಾಸ್ಟನ್ನಿನ ಯುವ ಶಸ್ತ್ರವೈದ್ಯ ಜಾನ್ ಕ್ರ್ಯಾಂಡನ್ ತಾನೇ ತಿಂಗಳುಗಟ್ಟಲೆ ವಿಟಮಿನ್ ಸಿ ಇಲ್ಲದ ಊಟ ಮಾಡಿದ. ಮೂರು ತಿಂಗಳಿಗೆ ಅವನ ಬೆನ್ನಿನಲ್ಲಿ ಮಾಡಿದ ಗಾಯ ಸರಿಯಾಗಿ ಮಾಯಿತು. ಆರು ತಿಂಗಳಿಗೆ ಮಾಡಿದ ಗಾಯ ಒಳಗೆ ಕೂಡಿಕೊಳ್ಳಲೇ ಇಲ್ಲ. ವಿಟಮಿನ್ ಸಿ ಕೊಟ್ಟ ಮೇಲೆ ಮಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಶೆಫೀಲ್ಡ್‌ನಲ್ಲಿ, ಯುದ್ಧಕ್ಕೆ ಹೋಗುವುದಿಲ್ಲ ಎಂದ 20 ಸ್ವಯಂಸೇವಕರು ಇಂಥದೇ ಪರೀಕ್ಷೆಗೆ ಒಪ್ಪಿಕೊಂಡರು. ದಿನಕ್ಕೆ ಬರೀ 10 ಮಿಲಿಗ್ರಾಂ ಸಿಕ್ಕರೂ ಸ್ಕರ್ವಿ ತಡೆಯಬಹುದು ಎಂದು ಅವರಿಂದ ತಿಳಿಯಿತು. ಒಂದು ಕಿತ್ತಳೆಯ ಎರಡು ತೊಳೆಗಳಲ್ಲಿ ಅಷ್ಟಿರುತ್ತದೆ.

1960ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಸೆರೆಮನೆಯ ಕೈದಿಗಳ ಮೇಲೆ ಪರೀಕ್ಷೆ ನಡೆಯಿತು. ಒಪ್ಪಿಗೆ ಪಡೆದೇ ಮಾಡಿದರು. ಆದರೂ ಸೆರೆಯಲ್ಲಿ ಇರುವವನ ಒಪ್ಪಿಗೆ ಎಷ್ಟು ನಿಜವಾದ ಒಪ್ಪಿಗೆ ಎಂದು ಇಂದು ಎಲ್ಲರೂ ಕೇಳುತ್ತಾರೆ. ನಾವು ಇಂದು ಬಳಸುವ ಮುಖ್ಯ ಅಂಕಿಗಳು ಬಂದದ್ದು ಆ ಕೈದಿಗಳಿಂದ, ಅದನ್ನು ಮರೆಯಬಾರದು. ಚೆನ್ನಾಗಿ ತಿಂದುಂಡ ದೇಹದಲ್ಲಿ ಸುಮಾರು 1500 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಪ್ರತಿದಿನ ಇದ್ದುದರಲ್ಲಿ ಸುಮಾರು ನೂರಕ್ಕೆ 3 ಪಾಲು ಖರ್ಚಾಗುತ್ತದೆ. ಒಟ್ಟು 300 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಸ್ಕರ್ವಿಯ ಲಕ್ಷಣಗಳು ಕಾಣಿಸುತ್ತವೆ.

89 ದಿನಗಳ ಲೆಕ್ಕ

ಈ ಮೂರು ಅಂಕಿಗಳನ್ನು ಇಟ್ಟುಕೊಂಡು ನಾನು ಗಾಮನ ನಾವಿಕರ ಲೆಕ್ಕ ಮಾಡಿದೆ. ಒಬ್ಬ ನಾವಿಕ ತುಂಬಿದ ಟ್ಯಾಂಕಿನೊಂದಿಗೆ, ಅಂದರೆ 1500 ಮಿಲಿಗ್ರಾಂನೊಂದಿಗೆ ಹೊರಟ, ಹಡಗಿನಲ್ಲಿ ಹಣ್ಣು ಸೊಪ್ಪು ಏನೂ ಇಲ್ಲ ಎಂದು ಇಟ್ಟುಕೊಳ್ಳೋಣ. ದಿನವೂ 0.97ರಿಂದ ಗುಣಿಸುತ್ತಾ ಹೋಗಬೇಕು.

10ನೆಯ ದಿನ ಅವನಲ್ಲಿ ಉಳಿಯುವುದು ಸುಮಾರು 1106 ಮಿಲಿಗ್ರಾಂ. 24ನೆಯ ದಿನ ಸುಮಾರು 722. ಮಲಿಂದಿಯಿಂದ ಹೊರಟವನು ಅಷ್ಟು ಹೊತ್ತಿಗೆ ಭಾರತದ ಬೆಟ್ಟಗಳನ್ನು ನೋಡುತ್ತಿರುತ್ತಾನೆ. 300ರ ಗೆರೆ ಇನ್ನೂ ಬಹಳ ಕೆಳಗಿದೆ. ಆದ್ದರಿಂದಲೇ ಹೋಗುವಾಗ ಆ ಸಮುದ್ರ ಅವರನ್ನು ಕೊಲ್ಲಲಿಲ್ಲ.

ಅಂಜುದೀವ್‌ನಿಂದ ಹೊರಟವನ ಲೆಕ್ಕ ಮುಂದುವರಿಯುತ್ತದೆ. 30ನೆಯ ದಿನ ಸುಮಾರು 601. 53ನೆಯ ದಿನ ಸುಮಾರು 299. ಅಕ್ಟೋಬರ್ 5ಕ್ಕೆ 53 ದಿನ ಕೂಡಿಸಿದರೆ ನವೆಂಬರ್ 27. ಅಂದು ಅವನು 300ರ ಗೆರೆ ದಾಟಿದ. ಆದರೆ ನೆಲ ಕಾಣಲು ಇನ್ನೂ 36 ದಿನ ಬಾಕಿ ಇತ್ತು. 89ನೆಯ ದಿನ ಅವನಲ್ಲಿ ಉಳಿದದ್ದು ಸುಮಾರು 100 ಮಿಲಿಗ್ರಾಂ.

ನಿಜವಾಗಿ ಎಲ್ಲರೂ ತುಂಬಿದ ಟ್ಯಾಂಕಿನೊಂದಿಗೆ ಹೊರಟಿರಲಾರರು. ಒಂದು ವರ್ಷಕ್ಕೂ ಮೀರಿ ಹಡಗಿನಲ್ಲೇ ಇದ್ದವರು ಅವರು. ಕಡಿಮೆ ಇಟ್ಟುಕೊಂಡು ಹೊರಟವರು ಮೊದಲು ಬಿದ್ದರು, ಹೆಚ್ಚು ಇದ್ದವರು ತಡವಾಗಿ ಬಿದ್ದರು. ಹಣ್ಣು ತರಕಾರಿ ಪೂರ್ತಿ ನಿಂತ ಮೇಲೆ ಒಂದರಿಂದ ಮೂರು ತಿಂಗಳೊಳಗೆ ಸ್ಕರ್ವಿ ಕಾಣಿಸಬಹುದು ಎಂದು ಇಂದಿನ ವೈದ್ಯರು ಹೇಳುವುದೂ ಇದಕ್ಕೆ ಹೊಂದುತ್ತದೆ. ಸಮುದ್ರಕ್ಕೆ ಗಾಳಿಯ ಪಂಚಾಂಗ ಇರುವಂತೆ ದೇಹಕ್ಕೂ ಒಂದು ಪಂಚಾಂಗ ಇದೆ. ಮೊದಲನೆಯದು ಈ ತೀರದ ನಾವಿಕರಿಗೆ ಗೊತ್ತಿತ್ತು. ಕಸ್ಕಾಜಿ ನೆಲೆಗೊಳ್ಳುವ ತನಕ ಕಾದಿದ್ದರೆ ಆ 30 ಜನರಲ್ಲಿ ಹಲವರು ಬದುಕುತ್ತಿದ್ದರು ಎಂದು ನನಗೆ ಅನಿಸುತ್ತದೆ.

ಹೆಚ್ಚಾದದ್ದು ಎಲ್ಲಿ ಹೋಗುತ್ತದೆ

ಖಾಲಿಯಾಗುವ ಟ್ಯಾಂಕಿನ ಕಥೆ ಇದಾದರೆ, ತುಂಬಿ ಸುರಿಯುವ ಟ್ಯಾಂಕಿನ ಕಥೆ ನಮ್ಮ ಕಾಲದ್ದು. ಕೊರೋನಾ ಬಂದ ವರ್ಷಗಳಿಂದ ನಮ್ಮಲ್ಲಿ ಅನೇಕ ಮನೆಗಳಲ್ಲಿ ನೀರಿಗೆ ಹಾಕಿದರೆ ಬುಸ್ಸೆನ್ನುವ 1000 ಮಿಲಿಗ್ರಾಂ ಮಾತ್ರೆಗಳು ಕಾಣುತ್ತವೆ.

1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಾರ್ಕ್ ಲೆವಿನ್ ಮತ್ತು ಸಂಗಡಿಗರು ಏಳು ಜನ ಆರೋಗ್ಯವಂತ ಯುವಕರನ್ನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇರಿಸಿಕೊಂಡು 30 ಮಿಲಿಗ್ರಾಂನಿಂದ 2500 ಮಿಲಿಗ್ರಾಂವರೆಗೆ ಕೊಟ್ಟು ಅಳೆದ ಫಲಿತಾಂಶ ಪ್ರಕಟಿಸಿದರು. 200 ಮಿಲಿಗ್ರಾಂ ಒಮ್ಮೆಗೆ ಕೊಟ್ಟಾಗ ಪೂರ್ತಿಯಾಗಿ ಒಳಗೆ ಹೋಯಿತು. 100 ಮಿಲಿಗ್ರಾಂಗಿಂತ ಕಡಿಮೆ ಕೊಟ್ಟಾಗ ಏಳರಲ್ಲಿ ಆರು ಜನರ ಮೂತ್ರದಲ್ಲಿ ವಿಟಮಿನ್ ಸಿ ಕಾಣಲೇ ಇಲ್ಲ. 500 ಮತ್ತು ಅದಕ್ಕಿಂತ ಹೆಚ್ಚು ಕೊಟ್ಟಾಗ ಒಳಗೆ ಹೋಗುವ ಪಾಲು ಕಡಿಮೆಯಾಯಿತು, ಹೋದದ್ದೂ ಮೂತ್ರದಲ್ಲಿ ಹೊರಬಂತು. ದಿನಕ್ಕೆ 1000 ಮಿಲಿಗ್ರಾಂ ಕೊಟ್ಟಾಗ ಮೂತ್ರದಲ್ಲಿ ಆಕ್ಸಲೇಟ್ ಹೆಚ್ಚಾಯಿತು. ಮೂತ್ರಪಿಂಡದ ಕಲ್ಲುಗಳಲ್ಲಿ ಬಹಳಷ್ಟು ಆಗುವುದು ಆಕ್ಸಲೇಟಿನಿಂದಲೇ. ಆದ್ದರಿಂದ ಕಲ್ಲಿನ ತೊಂದರೆ ಇರುವ ಹಿರಿಯರು ದೊಡ್ಡ ಮಾತ್ರೆ ನುಂಗುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಭಾರತದ ಐಸಿಎಂಆರ್ 2020ರಲ್ಲಿ ಹೇಳಿರುವ ದಿನದ ಪ್ರಮಾಣ ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65. ಭಾನುವಾರ ಒಂದು ದಿನ 1000 ಮಿಲಿಗ್ರಾಂ ನುಂಗಿ ವಾರವಿಡೀ ಬರೀ ಚಪಾತಿ, ಅನ್ನ ತಿಂದರೆ ದೇಹ ಅದನ್ನೆಲ್ಲ ಕೂಡಿಡುವುದಿಲ್ಲ, ಹೆಚ್ಚಾದದ್ದನ್ನು ಹೊರಗೆ ಬಿಡುತ್ತದೆ. ದಿನವೂ ಸ್ವಲ್ಪ ಸಿಕ್ಕರೆ ಅದೇ ದೇಹ ಒಂದು ಹನಿಯನ್ನೂ ಬಿಡದೆ ಹಿಡಿದುಕೊಳ್ಳುತ್ತದೆ.

ನಮ್ಮ ಅಡುಗೆಮನೆ

ಆ ಸ್ವಲ್ಪ ನಮ್ಮ ಸುತ್ತಲೇ ಇದೆ. ಒಂದು ಸಾಧಾರಣ ಕಿತ್ತಳೆಯಲ್ಲಿ ಸುಮಾರು 70 ಮಿಲಿಗ್ರಾಂ ಇರುತ್ತದೆ. 100 ಗ್ರಾಂ ಸೀಬೆಹಣ್ಣಿನಲ್ಲಿ 200ಕ್ಕೂ ಹೆಚ್ಚು. ಸೀಬೆಗೆ ನಮ್ಮ ಕರಾವಳಿಯಲ್ಲಿ ಪೇರಳೆ ಎನ್ನುತ್ತಾರೆ, ಇಲ್ಲಿ ಸ್ವಾಹಿಲಿಯಲ್ಲಿ ಪೇರಾ. ಎರಡೂ ಪೋರ್ಚುಗೀಸ್ ಮಾತಿನಿಂದ ಬಂದವು ಎನ್ನುತ್ತಾರೆ. ಸೀಬೆ, ಗೇರು, ಮೆಣಸಿನಕಾಯಿ ಮೂರೂ ಅಮೆರಿಕ ಖಂಡದ ಗಿಡಗಳು, ಮೂರರಲ್ಲೂ ವಿಟಮಿನ್ ಸಿ ಧಾರಾಳ. ವಿಟಮಿನ್ ಸಿ ಇಲ್ಲದೆ ಸತ್ತ ಆ ನಾವಿಕರ ದೇಶದವರೇ ಮುಂದೆ ಈ ಗಿಡಗಳನ್ನು ನಮ್ಮ ಕಡೆಗೆ ತಂದರು.

ವಿಟಮಿನ್ ಸಿ ನೀರಿನಲ್ಲಿ ಕರಗುತ್ತದೆ, ಬಿಸಿಗೆ ಹಾಳಾಗುತ್ತದೆ. ಸುಕುಮಾ ವೀಕಿಯನ್ನು ಬಹಳ ಹೊತ್ತು ಬೇಯಿಸಿ ನೀರು ಚೆಲ್ಲಿದರೆ ಅದರಲ್ಲಿದ್ದ ಬಹಳಷ್ಟು ಹೋಗುತ್ತದೆ. ಬೇಗ ಬಾಡಿಸಿ ಇಳಿಸಿದರೆ ಉಳಿಯುತ್ತದೆ. ಇಲ್ಲಿಯವರು ಹಸಿ ಟೊಮೇಟೊ, ಈರುಳ್ಳಿಗೆ ನಿಂಬೆ ಹಿಂಡಿ ಕಚುಂಬರಿ ಮಾಡುತ್ತಾರೆ, ನಾವು ರಾಮನವಮಿಗೆ ಹೆಸರುಬೇಳೆ ಕೋಸಂಬರಿ ಮಾಡುತ್ತೇವೆ. ಎರಡನ್ನೂ ಒಲೆಯ ಮೇಲೆ ಇಡುವುದಿಲ್ಲ.

ಮೊಳಕೆಕಾಳಿಗೂ ಒಂದು ಇತಿಹಾಸವಿದೆ. ಮೊದಲನೆಯ ಮಹಾಯುದ್ಧದಲ್ಲಿ ಇಂದಿನ ಇರಾಕಿನಲ್ಲಿದ್ದ ಸಾವಿರಾರು ಭಾರತೀಯ ಸೈನಿಕರಿಗೆ ಸ್ಕರ್ವಿ ಬಂತು. ಅವರ ರೇಷನ್ನಿನಲ್ಲಿ ಇದ್ದದ್ದು ಒಣ ಬೇಳೆಕಾಳು. ಒಣ ಕಾಳಿನಲ್ಲಿ ವಿಟಮಿನ್ ಸಿ ಇರುವುದಿಲ್ಲ. ಅದನ್ನೇ ನೆನೆಸಿ ಮೊಳಕೆ ಬರಿಸಿದರೆ ಸ್ಕರ್ವಿ ತಡೆಯುತ್ತದೆ ಎಂದು ಲಂಡನ್ನಿನ ಹ್ಯಾರಿಯೆಟ್ ಚಿಕ್ ಮತ್ತು ಅವರ ಜೊತೆಗಾರ್ತಿ ಡೆಲ್ಫ್ 1919ರಲ್ಲಿ ತೋರಿಸಿದರು. ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿಟ್ಟು ಮೊಳಕೆ ಬರಿಸುವ ಅಜ್ಜಿಯಂದಿರು ಯಾವ ಪ್ರಯೋಗಾಲಯವನ್ನೂ ಕೇಳಿರಲಿಲ್ಲ. ಆದರೆ ಏಕೆ ಒಳ್ಳೆಯದು ಎಂದು ನಮ್ಮ ಪೀಳಿಗೆಗೆ ತಿಳಿದಿರಬೇಕು. ಇಲ್ಲದಿದ್ದರೆ ಲಿಮಾವು ಬಿಟ್ಟು ನ್ಡಿಮು ಹಿಡಿದವರ ಹಾಗೆ ನಾವೂ ಕಾರಣ ತಿಳಿಯದೆ ಒಳ್ಳೆಯದನ್ನು ಕೈಬಿಡುತ್ತೇವೆ.

ಈ ವರ್ಷ ನಮ್ಮ ಶಾಲೆಯಿಂದ ತೇರ್ಗಡೆಯಾಗುವವರಲ್ಲಿ ಹಲವರು ಇನ್ನೊಂದೆರಡು ವರ್ಷಗಳಲ್ಲಿ ಓದಲು ಮನೆ ಬಿಟ್ಟು ಹಾಸ್ಟೆಲ್ ಸೇರುತ್ತಾರೆ. ಅಲ್ಲಿ ನೂಡಲ್ಸ್, ಬ್ರೆಡ್, ಚಿಪ್ಸಿನಲ್ಲಿ ದಿನ ಕಳೆಯುವುದು ಸುಲಭ. ಬರೀ ಇಂಥದನ್ನೇ ತಿನ್ನುವವರಲ್ಲಿ ಇಂದಿಗೂ ಅಪರೂಪಕ್ಕೆ ಸ್ಕರ್ವಿ ಕಾಣಿಸುತ್ತದೆ. ಅಮ್ಮಂದಿರು, ಅಪ್ಪಂದಿರು ಫೋನ್ ಮಾಡಿದಾಗ "ಊಟ ಆಯ್ತಾ?" ಎಂದು ಕೇಳೇ ಕೇಳುತ್ತೀರಿ. ಜೊತೆಗೆ "ಹಣ್ಣು ತಿಂದೆಯಾ?" ಎಂದೂ ಕೇಳಿ. ನಾವು ಬೇಸರ ಮಾಡಿಕೊಳ್ಳುವುದಿಲ್ಲ.